ಡುಫಿಯ ಬಿಳಿ ಕತ್ತು

ಅವತ್ತು ಮಧ್ಯಾಹ್ನ ಮಳೆ ಬರದಿದ್ದರೆ ನನಗೆ ಇನ್ನೂ ಎಷ್ಟು ದಿನ ಗೊತ್ತಾಗುತ್ತಿರಲಿಲ್ಲವೋ. ಮಳೆ ಬಂದರೆ ಕಾರಿಗೆ ಬಣ್ಣ ಹೊಡೆಯುವವನಿಗೆ ಕೆಲಸವಿಲ್ಲ. ಗಾಳಿ ಒದ್ದೆಯಾದಾಗ ಬಣ್ಣ ಚಿಮ್ಮಿಸುವ ಗನ್ನು ಹಿಡಿದರೆ ಹೊಡೆದ ಬಣ್ಣದ ಮೇಲೆ ಮಂಜು ಕವಿದ ಹಾಗೆ ಬಿಳಿ ಏಳುತ್ತದೆ. ಗನ್ನು ತೊಳೆದಿಟ್ಟು, ಸುವಾಮೆಯ ಗ್ಯಾರೇಜು ಸಾಲಿನಿಂದ ಟ್ರೊಟ್ರೊ ವ್ಯಾನು ಹತ್ತಿದೆ. ಮಗಳನ್ನು ಶಿಶುವಿಹಾರದಿಂದ ಕರೆತರುವುದು ದಿನಾ ಸಂಜೆ ಐದಕ್ಕೆ ನನ್ನ ಹೆಂಡತಿ ಬಿರಾಗೊ. ಅವತ್ತು ಮೂರೂವರೆಗೇ ನಾನು ಹೋದೆ.

ಒಳಗೆ ಮಕ್ಕಳಿಗೆ ಸ್ನಾನ ಮುಗಿದಿತ್ತು. ಜಗಲಿಯ ಚಾಪೆಯ ಮೇಲೆ ಹದಿನಾಲ್ಕು ಕೂಸುಗಳು ಸಾಲಾಗಿ ಕೂತಿದ್ದವು, ಕೂರಲಾರದವು ಮಲಗಿದ್ದವು. ನೋಡಿಕೊಳ್ಳುವ ಫೊಸುವಾ ಆಂಟಿ ಮಡಿಲಲ್ಲಿ ದೊಡ್ಡ ಪೌಡರ್ ಡಬ್ಬಿ ಇಟ್ಟುಕೊಂಡು, ಹತ್ತಿಯುಂಡೆ ಅದ್ದಿ, ಒಂದೊಂದೇ ಕತ್ತಿಗೆ ತಟ್ಟುತ್ತಾ ಬರುತ್ತಿದ್ದರು. ತಟ್ಟಿದಾಗಲೆಲ್ಲ ಒಂದು ಸಣ್ಣ ಮೋಡ. ನಮ್ಮ ಕುಮಾಸಿ ಊರಿನಲ್ಲಿ ಕೂಸಿನ ಕತ್ತು ಬೆಳ್ಳಗಿದ್ದರೆ ದಾರಿಹೋಕ ಹೆಂಗಸರು ನಿಂತು ನೋಡುತ್ತಾರೆ, ‘ಆಹಾ, ಮೀಯಿಸಿದರೆ ಹೀಗೆ ಮೀಯಿಸಬೇಕು’ ಎನ್ನುತ್ತಾರೆ. ಆ ಶಿಶುವಿಹಾರಕ್ಕೆ ಬೋರ್ಡೇ ಬೇಕಾಗಿರಲಿಲ್ಲ. ಸಂಜೆ ಹದಿನಾಲ್ಕು ಬಿಳಿ ಕತ್ತುಗಳು ಅಮ್ಮಂದಿರ ಬೆನ್ನೇರಿ ಹೊರಟರೆ ಅದೇ ಬೋರ್ಡು.

ಆ ಸಾಲಿನಲ್ಲಿ ಏಳನೆಯವಳು ನನ್ನ ಡುಫಿ. ಕತ್ತಿನ ಮಡಿಕೆಗಳಲ್ಲಿ ಪೌಡರು ಹಿಟ್ಟಿನ ಹಾಗೆ ಕೂತಿತ್ತು. ಎದೆಗೂ ಮೂಗಿನ ಕೆಳಗೂ ಜಿಡ್ಡು ಮಿನುಗುತ್ತಿತ್ತು, ಕಣ್ಣಲ್ಲಿ ನೀರು ತರಿಸುವ ಖಾರದ ಮುಲಾಮು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ಕೊಳಾಯಿಯಲ್ಲಿ ನೀರು ಮುಗಿಯುವಾಗ ಬರುವ ಸಪ್ಪಳದಂಥದ್ದು ಅವಳ ಗಂಟಲಲ್ಲಿ.

ಅವಳಿಗೆ ಏಳು ತಿಂಗಳು. ಆರು ವಾರ ಮೊದಲೇ ಹುಟ್ಟಿದವಳು, ಎದೆಗೂಡು ಇನ್ನೂ ಗಟ್ಟಿಯಾಗಿಲ್ಲ. ಆಸ್ಪತ್ರೆಯ ನರ್ಸು ಬೆರಳೆತ್ತಿ ಹೇಳಿದ್ದಳು: ಪೌಡರು ಬೇಡ, ಖಾರದ ಮುಲಾಮು ಬೇಡ. ಇನ್ನೊಂದು ಸಲ ಈ ಉಸಿರು ತಂದರೆ ಆಮ್ಲಜನಕದ ಕೊಳವೆ ಹಾಕಿ ಮಲಗಿಸಿಕೊಳ್ಳಬೇಕಾಗುತ್ತದೆ, ಆಮೇಲೆ ನಾನೇನೂ ಮಾತು ಕೊಡಲಾರೆ ಎಂದು.

“ಆಂಟಿ, ನಿಲ್ಲಿಸಿ!”

“ಅಯ್ಯೋ, ಡುಫಿ ಅಪ್ಪ! ಎದೆ ಒಡೆಸಿಬಿಟ್ರಲ್ಲ. ಏನಿವತ್ತು ಗಂಡಸರು ಬಂದಿದ್ದೀರಿ, ಬಿರಾಗೊಗೆ ಹುಷಾರಿಲ್ವಾ?”

“ನನ್ನ ಮಗಳಿಗೆ ಇದನ್ನೆಲ್ಲ ಹಾಕ್ಬೇಡಿ ಅಂತ ಬರೆದು ಕೊಟ್ಟಿದ್ದೀನಿ.”

“ಬರೆದಿದ್ದೆಲ್ಲ ಮೇಡಂ ಹತ್ರ ಇರುತ್ತೆ. ನನ್ನ ಹತ್ರ ಇರೋದು ಡಬ್ಬಿ.” ಆಂಟಿ ಕೆಟ್ಟವರಲ್ಲ. ಡುಫಿಯ ಕೂದಲು ಸವರುತ್ತಲೇ ಹೇಳಿದರು, “ಇವಳೊಬ್ಬಳಿಗೆ ಬಿಟ್ರೆ ಹೇಗಿರುತ್ತೆ ಹೇಳಿ. ಹದಿಮೂರು ಮಕ್ಕಳು ಮದುವೆಗೆ ಹೊರಟ ಹಾಗೆ, ನಿಮ್ಮದೊಂದು ಒಲೆ ಮುಂದಿಂದ ಎದ್ದುಬಂದ ಹಾಗೆ. ನಂಗೇ ಕರುಳು ಚುರ್ ಅನ್ನುತ್ತೆ.”

“ಅವಳ ಉಸಿರು ಕೇಳಿಸ್ತಿಲ್ವಾ ನಿಮಗೆ?”

“ಶೀತ ಅಲ್ವಾ? ಅದಕ್ಕೇ ಎರಡು ಸಲ ಮುಲಾಮು ಹಚ್ಚಿದೆ.”

ನಾನು ಮಗಳನ್ನು ಎತ್ತಿಕೊಂಡೆ. ಎತ್ತಿಕೊಂಡು ಹದಿನಾರು ದಿನವಾಗಿತ್ತು. ಈ ಲೆಕ್ಕವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವಳಿಗೆ ಉಸಿರು ಕಟ್ಟಲು ಶುರುವಾದಾಗ ತಪ್ಪು ನನ್ನದೇ ಎಂದುಕೊಂಡಿದ್ದೆ, ನನ್ನ ಬಟ್ಟೆಯ ತಿನ್ನರ್ ವಾಸನೆ, ನನ್ನ ಕೂದಲಲ್ಲಿ ಕೂತ, ಕಾರಿನ ತಗ್ಗು ತುಂಬಿ ಉಜ್ಜುವ ಪುಟ್ಟಿಯ ಧೂಳು. ದಿನಾ ಗ್ಯಾರೇಜಿನಲ್ಲೇ ಮಿಂದು, ಬೇರೆ ಅಂಗಿ ತೊಟ್ಟು, ಆದರೂ ಧೈರ್ಯ ಸಾಲದೆ ಬಾಗಿಲ ಬಳಿ ನಿಂತು ದೂರದಿಂದಲೇ ಅವಳನ್ನು ನಗಿಸುತ್ತಿದ್ದೆ. ಅವಳು ಕೈಚಾಚಿ ಅಳುತ್ತಿದ್ದಳು. ನಾನು ಹೊರಗೆ ಹೋಗಿಬಿಡುತ್ತಿದ್ದೆ.

ಗೋಡೆಯ ಹಲಗೆಯ ಮೇಲೆ ನಾವು ಕಳಿಸಿದ್ದ ನೀಲಿ ಡಬ್ಬಿ ಕಂಡಿತು. ಮುಚ್ಚಳದ ಮೇಲೆ ಬೆರಳಾಡಿಸಿದರೆ ಧೂಳು. ತೆರೆದರೆ ಮೈಗೆ ಹಚ್ಚುವ ಶಿಯಾ ಕಾಯಿಯ ಬೆಣ್ಣೆ ತುಂಬಿದ ಹಾಗೇ ಇತ್ತು. ತುಂಬುವಾಗ ಬಿರಾಗೊ ಬೆರಳಿಂದ ನಯಮಾಡಿದ್ದ ಗೆರೆ ಕೂಡ ಅಳಿಸಿರಲಿಲ್ಲ.

ಡಬ್ಬಿ, ಮಗಳು ಎರಡನ್ನೂ ಹಿಡಿದು ಮೇಡಂ ಅಸಬಿಯಾ ಅವರ ಕೋಣೆಗೆ ನುಗ್ಗಿದೆ. ಶಿಶುವಿಹಾರ ಅವರದ್ದೇ. ಅವರು ಕತ್ತಿನ ಸರಪಳಿಯಲ್ಲಿದ್ದ ಕನ್ನಡಕ ಏರಿಸಿ, ನನ್ನ ಪ್ಯಾಂಟಿನ ಮೇಲಿನ ಬಣ್ಣದ ಕಲೆಗಳನ್ನು ಮೊದಲು ನೋಡಿ, ಆಮೇಲೆ ನನ್ನ ಮುಖ ನೋಡಿದರು.

“ನನ್ನ ಫಾರಂ ತೆಗೀರಿ.”

“ಕೂತ್ಕೊಳ್ಳಪ್ಪ ಒಪುನಿ.”

“ಕೂತ್ಕೊಳ್ಳಲ್ಲ. ಫಾರಂ ತೆಗೀರಿ.”

ತೆಗೆದರು. ಮಗುವಿಗೆ ಏನೇನು ಬಳಸಬಹುದು ಎಂದು ಕೇಳಿದ್ದ ಜಾಗದಲ್ಲಿ ನನ್ನ ಮೂರು ಸಾಲು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆ ಮೂರು ಸಾಲಿಗೆ ಅರ್ಧ ಗಂಟೆ ಹಿಡಿದಿತ್ತು. ‘ಪೌಡರ್ ಬೇಡ. ಮುಲಾಮು ಬೇಡ. ಮನೆಯಿಂದ ಕಳಿಸುವ ನೀಲಿ ಡಬ್ಬಿಯ ಬೆಣ್ಣೆ ಮಾತ್ರ.’ ಮೂರು ಸಾಲಿನ ಮೇಲೂ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದರು. ಕೆಳಗೆ ಮೇಡಮ್ಮಿನ ಉರುಟು ಅಕ್ಷರದಲ್ಲಿ: ‘ಅಜ್ಜಿಯ ಒಪ್ಪಿಗೆಯಂತೆ ಶಿಶುವಿಹಾರದ ಎಲ್ಲ ಸಾಮಗ್ರಿಯನ್ನೂ ಬಳಸಬಹುದು.’ ಪಕ್ಕದಲ್ಲಿ ನೇರಳೆ ಹೆಬ್ಬೆಟ್ಟು.

ನನ್ನ ಅತ್ತೆ ನಾನಾ ಕೊನಾಡುವಿನ ಹೆಬ್ಬೆಟ್ಟು, ನಮ್ಮಲ್ಲಿ ಹಿರಿಯರನ್ನು ನಾನಾ ಎನ್ನುತ್ತೇವೆ. ಮೊಮ್ಮಗಳನ್ನು ನೋಡಲು ಆಕೆ ನಡುನಡುವೆ ಅಲ್ಲಿಗೆ ಹೋಗಿಬರುವುದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

“ಯಾರನ್ನ ಕೇಳಿ ಹೊಡೆದುಹಾಕಿದ್ರಿ?”

“ಕೇಳಬೇಕಾದವರನ್ನೇ ಕೇಳಿದ್ದೀನಿ. ನೋಡಪ್ಪ, ನೀನೂ ನಮ್ಮ ಅಶಾಂಟಿ ಜನದವನೇ, ನಾನು ಹೇಳಿಕೊಡಬೇಕಾ? ಮಗು ಅಮ್ಮನ ಕುಲ. ರಕ್ತ ಅವರದು. ಅವರ ಕಡೆಯ ಹಿರಿಯರು ಹೂಂ ಅಂದಮೇಲೆ ಮುಗೀತು.”

“ಹೆಸರು ನಂದು. ನಾನಿಟ್ಟಿದ್ದು, ಸತ್ತ ನಮ್ಮಮ್ಮನ ಹೆಸರು ಅದು.”

“ಹೆಸರು ನಿಂದು, ಯಾರು ಇಲ್ಲ ಅಂದ್ರು?”

“ರಕ್ತ ಅವರದು, ಹೆಸರು ನಂದು. ಹಾಗಾದ್ರೆ ಈ ಎದೆಯೊಳಗಿನ ಉಸಿರು ಯಾರದು ಮೇಡಂ? ನಿಮ್ಮದಾ?”

ಮೇಡಂ ಫೈಲು ಮುಚ್ಚಿದರು. “ಕಾರಿಗೆ ಯಾವ ಬಣ್ಣ ಅಂತ ಬೇಕಾದ್ರೆ ನಿನ್ನನ್ನ ಕೇಳ್ತೀನಿ. ಕೂಸು ಮೀಯಿಸೋದು ಹೆಂಗಸರ ವಿಚಾರ. ಇಪ್ಪತ್ತೆರಡು ವರ್ಷದಿಂದ ಮೀಯಿಸ್ತಿದ್ದೀನಿ, ಯಾವ ಗಂಡಸೂ ಡಬ್ಬಿ ಹಿಡ್ಕೊಂಡು ಜಗಳಕ್ಕೆ ಬಂದಿರಲಿಲ್ಲ. ನಾಚಿಕೆ ಆಗಲ್ವಾ?”

ನಾಚಿಕೆಯಂತೆ. ಅಲ್ಲೇ ಇದ್ದರೆ ಏನಾದರೂ ಒಡೆಯುತ್ತಿದ್ದೆ. ಮಗಳು ಭುಜದ ಮೇಲೆ ಸುಯ್ಯುತ್ತಿದ್ದಳು, ಹೊರಟುಬಿಟ್ಟೆ.

ಮನೆಗೆ ಬಂದು ಬಿಸಿನೀರಲ್ಲಿ ಬಟ್ಟೆ ಅದ್ದಿ ಅವಳ ಕತ್ತು, ಎದೆ, ಮೂಗು ಎಲ್ಲ ತೊಳೆದೆ. ನೆಟ್ಟಗೆ ಎದೆಗಾನಿಸಿಕೊಂಡು ಅಂಗಳದಲ್ಲಿ ನಡೆದಾಡಿದೆ. ನಮ್ಮದು ಎಂಟು ಕೋಣೆಯ ವಠಾರ, ನಡುವೆ ಒಂದೇ ಅಂಗಳ. ಎದುರು ಕೋಣೆಯ ಬಾಗಿಲಲ್ಲಿ ನಾನಾ ಕೊನಾಡು ಬಾಳೆಕಾಯಿ ಸಿಪ್ಪೆ ತೆಗೆಯುತ್ತಾ ಕೂತಿದ್ದರು. ನಾನು ತೊಳೆದದ್ದನ್ನು ನೋಡಿದರು, ಚಾಕು ನಿಲ್ಲಿಸಲಿಲ್ಲ.

ಬಿರಾಗೊ ಹೊಲಿಗೆ ಅಂಗಡಿ ಮುಗಿಸಿ ಶಿಶುವಿಹಾರಕ್ಕೆ ಹೋಗಿ, ಅಲ್ಲಿಂದ ಓಡಿಬಂದಳು. ಜಗಳವಾಡಿ ಮಗುವನ್ನು ಎತ್ತಿಕೊಂಡು ಹೋದೆನೆಂದು ಕೇಳಿ ಗಾಬರಿಯಾಗಿದ್ದಳು. ನನ್ನ ತೋಳಲ್ಲಿ ಡುಫಿಯನ್ನು ಕಂಡು ಉಸಿರು ಬಿಟ್ಟಳು, ನನ್ನ ಮುಖ ಕಂಡು ಮತ್ತೆ ಹಿಡಿದಳು.

“ನಿನಗೆ ಗೊತ್ತಿತ್ತು,” ಎಂದೆ.

ಅವಳು ಮಗುವಿಗೆ ಕೈಚಾಚಿದಳು, ನಾನು ಕೊಡಲಿಲ್ಲ.

“ದಿನಾ ಸಂಜೆ ನೀನೇ ಕರ್ಕೊಂಡು ಬರ್ತಿದ್ದೆ. ಕತ್ತಲ್ಲಿ ಪೌಡರು ನಾನು ಒಂದು ದಿನಾನೂ ನೋಡಿಲ್ಲ. ಹೇಗೆ?”

“ಟ್ರೊಟ್ರೊದಲ್ಲೇ ಒರೆಸ್ತಿದ್ದೆ,” ಎಂದಳು. “ಬಟ್ಟೆ ತುದಿಯಿಂದ. ಮುಲಾಮೂ ಒರೆಸ್ತಿದ್ದೆ. ನೀನು ನೋಡಿದ್ರೆ ಅಮ್ಮನ ಜೊತೆ ಜಗಳ ಆಗುತ್ತೆ, ಒರೆಸಿದ್ರೆ ಸಾಕು ಅಂದ್ಕೊಂಡೆ ಒಪುನಿ.”

“ನಾನು ಯಾಕೆ ಅವಳನ್ನ ಎತ್ಕೊಳ್ತಿರಲಿಲ್ಲ ಅಂತ ಗೊತ್ತಿತ್ತಾ?”

ಅವಳು ಹೌದೆಂದು ತಲೆಯಾಡಿಸಿದಳು. ನನ್ನ ಹೆಂಡತಿಯ ಮೇಲೆ ಅವತ್ತು ಬಂದ ಸಿಟ್ಟು ಮುಂಚೆ ಯಾರ ಮೇಲೂ ಬಂದಿರಲಿಲ್ಲ. ಅಂಗಳದ ಆಚೆಯಿಂದ ಅವಳ ಅಮ್ಮ ಬಾಯಿ ಹಾಕದಿದ್ದರೆ ಏನು ಆಡುತ್ತಿದ್ದೆನೋ.

“ಅವಳ ಮೇಲೆ ಯಾಕೆ ಹಾರಾಡ್ತೀಯ? ಹೆಬ್ಬೆಟ್ಟು ನಂದು. ನನ್ನ ಕೇಳು.”

“ಕೇಳ್ತೀನಿ ನಾನಾ. ಯಾಕೆ ಒತ್ತಿದ್ರಿ?”

“ಒಂಬತ್ತು ಮಕ್ಕಳನ್ನ ಈ ಕೈಲಿ ಮೀಯಿಸಿದ್ದೀನಿ. ಒಂದರ ಹತ್ರ ಹೋಗಿ ನಿಂತ್ಕೋ, ಬೆವರು ನಾರುತ್ತಾ ನೋಡು. ಕೂಸಲ್ಲಿ ಸರಿಯಾಗಿ ಮೀಯಿಸದೆ, ಪೌಡರು ಹಾಕದೆ ಬಿಟ್ರೆ ಬೆಳೆದಮೇಲೆ ಹೆಣ್ಣು ನಾರ್ತಾಳೆ. ಆಗ ಊರು ನಿನ್ನನ್ನ ಕೇಳಲ್ಲ, ‘ಇವಳ ಅಜ್ಜಿ ಎಲ್ಲಿ ಸತ್ತಿದ್ಲು’ ಅಂತ ನನ್ನನ್ನ ಕೇಳುತ್ತೆ.”

“ಬೆಳೀಬೇಕಲ್ಲ ನಾನಾ, ನಾರೋದಕ್ಕೆ!”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ನಾನಾ ಚಾಕು ಕೆಳಗಿಟ್ಟರು. “ಬಾಯಿ ಬಿಗಿಹಿಡಿ. ನೀನು ಈ ಮನೆ ಬಾಗಿಲು ತಟ್ಟಿದ್ದೀಯ ಅಷ್ಟೆ. ಒಳಗೆ ಬಂದಿಲ್ಲ.”

ಎಲ್ಲರೆದುರು ಆಡಬಾರದ ಮಾತದು. ಎರಡು ಬಾಟಲಿ ಸಾರಾಯಿ ತಂದು ಹೆಣ್ಣು ಕೇಳುವ ಬಾಗಿಲು ತಟ್ಟುವ ಶಾಸ್ತ್ರ ಮಾಡಿದ್ದೆ, ಹಿರಿಯರನ್ನು ಕೂರಿಸಿ ಮಾಡುವ ದೊಡ್ಡ ಶಾಸ್ತ್ರ ಇನ್ನೂ ಆಗಿರಲಿಲ್ಲ. ಅದಕ್ಕೆ ಮೊದಲೇ ಡುಫಿ ಅವಸರಪಟ್ಟು ಹುಟ್ಟಿದ್ದಳು. ಅದು ಸತ್ಯ. ಆದರೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಅವಳನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆಯ ಪಕ್ಕ ನಿಂತವನು ನಾನು, ಆಗ ಯಾರೂ ನೀನು ಒಳಗಿನವನೋ ಹೊರಗಿನವನೋ ಎಂದು ಕೇಳಿರಲಿಲ್ಲ.

“ಸರಿ, ಹೊರಗಿನವನೇ,” ಎಂದೆ. “ನಾಳೆ ಬೆಳಿಗ್ಗೆ ಹೊರಗಿನವನ ಗ್ಯಾರೇಜಿಗೆ ಒಂದು ಗಳಿಗೆ ಬನ್ನಿ. ಒಂದು ತೋರಿಸ್ತೀನಿ. ಆಮೇಲೂ ಪೌಡರು ಬೇಕು ಅಂದ್ರೆ ಡಬ್ಬಿ ನಾನೇ ತಂದುಕೊಡ್ತೀನಿ, ಬಾಯಿ ಬಿಡಲ್ಲ.”

“ನಂಗೇನು ಕಾರು ಇದೆ ಅಂತ ಗ್ಯಾರೇಜಿಗೆ ಬರಲಾ?” ಎಂದರು. ಆದರೆ ಬೆಳಿಗ್ಗೆ ಛತ್ರಿ ಹಿಡಿದು ಒಳ್ಳೆಯ ಬಟ್ಟೆ ಸುತ್ತಿ ಹೊರಟೇಬಿಟ್ಟರು. ಬಿರಾಗೊ ಡುಫಿಯನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆ ಬಂದಳು, ಅವತ್ತು ಶಿಶುವಿಹಾರಕ್ಕೆ ಕಳಿಸಿರಲಿಲ್ಲ.

ಬಿಸಿಲು ಚೆನ್ನಾಗಿತ್ತು. ತಗಡಿನ ಮರೆಯ ಹಿಂದೆ ಕಬ್ಬಿಣದ ಕಾಲುಗಳ ಮೇಲೆ ಒಂದು ಬಾನೆಟ್ಟು ಮಲಗಿಸಿಟ್ಟಿದ್ದೆ. ಪಾದ್ರಿಯೊಬ್ಬರ ಹಳೇ ಕಾರಿನದು, ಕಪ್ಪು. ಮೂರು ದಿನ ಪುಟ್ಟಿ ಉಜ್ಜಿ ಸಿದ್ಧಮಾಡಿದ್ದು. ನಾನಾ ಅವರನ್ನು ಬೆಂಚಿನ ಮೇಲೆ ಕೂರಿಸಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ದೂರದ ಮರದ ಕೆಳಗೆ ಕರ್ಕೊಂಡು ಹೋಗು ಎಂದು ಬಿರಾಗೊಗೆ ಹೇಳಿ, ಕೊನೆಯ ಕೋಟು ಹೊಡೆದೆ. ಕೆರೆಯ ಹಾಗೆ ಹೊಳೆಯಿತು. ನಾನಾ ತಾವಾಗಿಯೇ ಎದ್ದುಬಂದು ಅದರಲ್ಲಿ ತಲೆಬಟ್ಟೆ ಸರಿಮಾಡಿಕೊಂಡರು.

“ಚೆನ್ನಾಗಿದೆ,” ಎಂದರು. ನನ್ನ ಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲು.

ಜೇಬಿನಿಂದ ಪೌಡರ್ ಡಬ್ಬಿ ತೆಗೆದೆ. ದಾರಿಯಲ್ಲಿ ಕೊಂಡಿದ್ದೆ, ಶಿಶುವಿಹಾರದಲ್ಲಿ ಬಳಸುವ ಜಾತಿಯದೇ. ಬಾನೆಟ್ಟಿನಿಂದ ಐದು ಹೆಜ್ಜೆ ದೂರ ಹೋಗಿ ಅಂಗೈಗೆ ಸುರಿದುಕೊಂಡು, ಫೊಸುವಾ ಆಂಟಿ ತಟ್ಟುವ ಹಾಗೆ ನನ್ನ ಕತ್ತಿಗೇ ಮೂರು ಸಲ ತಟ್ಟಿಕೊಂಡೆ.

“ತಲೆ ಕೆಟ್ಟಿದೆಯಾ ಇವನಿಗೆ? ಈಗ ನೀನೂ ಕೂಸಾದ್ಯಾ?”

“ಸ್ವಲ್ಪ ಇರಿ ನಾನಾ. ಈಗ ಬಗ್ಗಿ ನೋಡಿ. ಬಿಸಿಲಿಗೆ ಅಡ್ಡ ನಿಲ್ಲಬೇಡಿ.”

ಬಗ್ಗಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಕಪ್ಪು ಕೆರೆಯ ಮೇಲೆ ಒಂದು, ಹತ್ತು, ಎಣಿಸಲಾರದಷ್ಟು ಬಿಳಿ ಚುಕ್ಕಿಗಳು, ಇನ್ನೂ ಇಳಿಯುತ್ತಲೇ ಇದ್ದವು. ಹೊಳಪು ಬೂದಿಯಾಯಿತು. ತಲೆಬಟ್ಟೆ ಕಂಡ ಜಾಗದಲ್ಲಿ ಈಗ ಏನೂ ಕಾಣುತ್ತಿರಲಿಲ್ಲ.

“ಅಷ್ಟು ದೂರದಿಂದ?” ಎಂದರು ನಾನಾ.

“ಅಷ್ಟು ದೂರದಿಂದ. ಅಲ್ಲಿ ಹದಿನಾಲ್ಕು ಮಕ್ಕಳಿಗೆ ತಟ್ಟುತ್ತಾರೆ, ಮೂಗಿನ ಕೆಳಗೇ.”

ಅವರು ಬಟ್ಟೆಯ ತುದಿ ಹಿಡಿದು ಬಾನೆಟ್ಟು ಒರೆಸಲು ಹೋದರು. ನಾನು ತಡೆಯಲಿಲ್ಲ. ಚುಕ್ಕಿ ಹೋಗಲಿಲ್ಲ, ಬಣ್ಣವೇ ಕಿತ್ತು ಗಾಯದ ಹಾಗೆ ಗೀರು ಬಿತ್ತು. ಮರದ ಕೆಳಗಿಂದ ಬಿರಾಗೊ ನೋಡುತ್ತಿದ್ದಳು.

“ಒರೆಸಿದ್ರೆ ಹೋಗಲ್ಲ ನಾನಾ. ಬಣ್ಣ ಒದ್ದೆ ಇದೆ, ಬಿದ್ದದ್ದನ್ನ ಹಿಡ್ಕೊಳ್ಳುತ್ತೆ. ಡುಫಿಯ ಎದೆಯೊಳಗೂ ಒದ್ದೆನೇ. ಇದನ್ನ ನಾನು ನಾಳೆ ಉಜ್ಜಿ ಮತ್ತೆ ಹೊಡೀತೀನಿ. ಅವಳ ಎದೆ ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜಲಾ?”

ನಾನಾ ಆ ಗೀರನ್ನು ನೋಡಿದರು, ಬಟ್ಟೆಯ ತುದಿಗೆ ಅಂಟಿದ ಕಪ್ಪನ್ನು ನೋಡಿದರು.

“ಒಳ್ಳೆ ಬಟ್ಟೆ ಹಾಳುಮಾಡಿದೆ,” ಎಂದರು. ಛತ್ರಿ ತೆಗೆದುಕೊಂಡರು. “ಆ ಕಾಗದ ಎಲ್ಲಿದೆ, ನಡಿ.”

ಶಿಶುವಿಹಾರದಲ್ಲಿ ಮೇಡಂ ಅಸಬಿಯಾ ನಾನಾ ಅವರನ್ನು ಕಂಡು ಎದ್ದು ಕುರ್ಚಿ ಎಳೆದರು, ನೀರು ತರಿಸಿದರು. ನನ್ನನ್ನು ನೋಡಲೇ ಇಲ್ಲ. ನಾನಾ ನೀರು ಕುಡಿದು ಲೋಟ ಇಟ್ಟು, “ನಾನು ಹೆಬ್ಬೆಟ್ಟೊತ್ತಿದ ಕಾಗದ ಕೊಡು,” ಎಂದರು. ಬಂದಮೇಲೆ ನನ್ನ ಕೈಗೆ ದಾಟಿಸಿದರು. “ಓದು. ಮೇಲಿಂದ.”

ಓದಿದೆ. ಪೌಡರ್ ಬೇಡ. ಮುಲಾಮು ಬೇಡ. ನೀಲಿ ಡಬ್ಬಿಯ ಬೆಣ್ಣೆ ಮಾತ್ರ. ಗೆರೆಯ ಅಡಿಯಿಂದ ಒಂದೊಂದೇ ಪದ ಎತ್ತಿ ಎತ್ತಿ ಓದಿದೆ.

“ಇದು ಯಾರು ಬರೆದದ್ದು?”

“ನಾನು.”

ನಾನಾ ಮೇಡಮ್ಮಿನ ಕಡೆ ತಿರುಗಿದರು. “ನಾನು ಒತ್ತಿದ ದಿನ ಇದು ಮೇಲೆ ಇತ್ತಾ?”

“ಇತ್ತು ನಾನಾ, ಆದ್ರೆ...”

“ಗೆರೆ ಇತ್ತಾ?”

“ಅದು... ನೀವು ಒಪ್ಪಿದ ಮೇಲೆ ಎಳೆದೆ.”

“ನಂಗೆ ಏನಂದೆ ನೀನು ಅವತ್ತು? ‘ನಾನಾ, ಮಗುವನ್ನ ಚೆನ್ನಾಗಿ ಮೀಯಿಸೋದಕ್ಕೆ ನಿಮ್ಮ ಒಪ್ಪಿಗೆ ಬೇಕು, ಇಲ್ಲಿ ಒತ್ತಿ.’ ಮೀಯಿಸೋದಕ್ಕೆ ಯಾವ ಅಜ್ಜಿ ಬೇಡ ಅಂತಾಳೆ? ಇವಳ ಅಪ್ಪ ಬೇಡ ಅಂತ ಬರೆದಿದ್ದಾನೆ ಅಂತ ಒಂದು ಮಾತು ಆಡಿದ್ಯಾ? ನಂಗೆ ಓದು ಬರಲ್ಲ. ನಿಂಗೆ ಬರುತ್ತಲ್ಲ!”

ನನಗೆ ಆಗ ಅರ್ಥವಾಯಿತು. ಆರನೇ ಕ್ಲಾಸಿನವನ ಅಕ್ಷರವನ್ನು ಹೊಡೆದುಹಾಕಲು ಅಕ್ಷರವೇ ಬಾರದ ಮುದುಕಿಯ ಬೆರಳು ಹಿಡಿದಿದ್ದರು ಈ ಕನ್ನಡಕದ ಹೆಂಗಸು. ಕುಲವೂ ಅಲ್ಲ, ಹಿರಿಯರೂ ಅಲ್ಲ. ಹದಿನಾಲ್ಕು ಕತ್ತಿನಲ್ಲಿ ಒಂದು ಕಪ್ಪಗಿದ್ದರೆ ಬೋರ್ಡು ಕೆಡುತ್ತದೆ, ಅಷ್ಟೇ.

“ನಾನಾ, ನೀವೇ ಪೌಡರು ಇರಲಿ ಅಂದಿದ್ರಲ್ಲ,” ಎಂದರು ಮೇಡಂ.

“ಅಂದಿದ್ದೆ. ನಂದೂ ತಪ್ಪು. ನಾನು ಇವನ ಜೊತೆ ಅಂಗಳದಲ್ಲಿ ಜಗಳ ಆಡ್ತೀನಿ, ನಾಳೆಯೂ ಆಡ್ತೀನಿ. ಕದ್ದು ಆಡಲ್ಲ. ಹೊಸ ಕಾಗದ ತೆಗಿ.”

ಹೊಸ ಫಾರಂ ಬಂತು. ಅದೇ ಮೂರು ಸಾಲು ಮತ್ತೆ ಬರೆದೆ. ಬೇರೆ ಮಕ್ಕಳಿಗೆ ಪೌಡರು ಹಾಕುವ ಹೊತ್ತಿನಲ್ಲಿ ಡುಫಿ ಹಿಂದಿನ ಜಗಲಿಯಲ್ಲಿರಬೇಕು ಎಂದು ನಾಲ್ಕನೆಯದನ್ನೂ ಸೇರಿಸಿದೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತಿದ್ದ ಬಿರಾಗೊ ಮುಂದೆ ಬಂದು, ನಾನು ಕೇಳುವ ಮೊದಲೇ ತನ್ನ ಹೆಸರು ಬರೆದಳು. ನಾನು ಅವಳ ಕಡೆ ನೋಡಲಿಲ್ಲ. ಅವಳ ಮೇಲಿನ ಸಿಟ್ಟು ಅಷ್ಟು ಬೇಗ ಇಳಿಯುವಂಥದ್ದಲ್ಲ. ಕೊನೆಗೆ ನಾನಾ ಹೆಬ್ಬೆರಳನ್ನು ಶಾಯಿಗೆ ಅದ್ದಿ, “ಗಟ್ಟಿಯಾಗಿ ಓದು,” ಎಂದು ಎರಡು ಸಲ ಓದಿಸಿ, ಆಮೇಲೆ ಒತ್ತಿದರು.

ಮೇಡಂ ಫಾರಂ ಎತ್ತಿಟ್ಟು, ಸಣ್ಣ ದನಿಯಲ್ಲಿ ಹೇಳಿದರು: “ಒಂದೇ ಒಂದು ಮಾತು. ಸಂಜೆ ಮಗುವನ್ನ ಹಿಂದಿನ ಗೇಟಿಂದ ಕರ್ಕೊಂಡು ಹೋದ್ರೆ ಚೆನ್ನಾಗಿರುತ್ತೆ. ಮುಂದೆ ಬೇರೆ ಅಮ್ಮಂದಿರು ನೋಡ್ತಾರೆ, ಇದೇನು ಈ ಮಗುವಿಗೆ ಮೀಯಿಸಿಲ್ವಾ ಅಂತ...”

ನಾನು ಎದ್ದೆ. ಬಾಯಿ ತೆರೆದಿದ್ದೆ. ನಾನಾ ಛತ್ರಿಯನ್ನು ನನ್ನ ಎದೆಗೆ ಅಡ್ಡ ಹಿಡಿದರು.

“ಹಿಂದಿನ ಗೇಟು ಕಸದವರಿಗೆ,” ಎಂದರು ಮೇಡಮ್ಮಿಗೆ. “ನನ್ನ ಮೊಮ್ಮಗಳು ಮುಂದಿನ ಬಾಗಿಲಲ್ಲೇ ಹೋಗ್ತಾಳೆ. ಅವಳ ಅಪ್ಪನೂ ಮುಂದಿನ ಬಾಗಿಲಲ್ಲೇ ಬರ್ತಾನೆ.”

ಜಗಲಿ ದಾಟುವಾಗ ಫೊಸುವಾ ಆಂಟಿ ಮಕ್ಕಳ ಬೆಳಗಿನ ಸ್ನಾನ ಮುಗಿಸಿ ಡಬ್ಬಿ ಹಿಡಿದು ಸಾಲಿನ ತುದಿಯಲ್ಲಿ ನಿಂತಿದ್ದರು. ನಮ್ಮನ್ನು ಕಂಡು ಡಬ್ಬಿಯನ್ನು ಬೆನ್ನ ಹಿಂದೆ ಮಾಡಿದರು. ನಾವು ಗೇಟು ತಲುಪುವ ಮೊದಲೇ ತಟ್ಟುವ ಸದ್ದು ಮತ್ತೆ ಶುರುವಾಯಿತು, ಹದಿಮೂರು ಕತ್ತು, ಹದಿಮೂರು ಮೋಡ. ಆ ಮಕ್ಕಳಿಗೆ ಬರೆದುಕೊಟ್ಟವರು ಯಾರೂ ಇಲ್ಲ. ಬರೆದುಕೊಟ್ಟರೂ ಮೇಡಮ್ಮಿನ ಬಳಿ ಸ್ಕೇಲಿದೆ, ಕೆಂಪು ಪೆನ್ನಿದೆ.

ಟ್ರೊಟ್ರೊ ನಿಲ್ದಾಣದಲ್ಲಿ ಡುಫಿ ನನ್ನ ತೋಳಲ್ಲಿದ್ದಳು. ನಾನಾ ಬಿರಾಗೊಳ ಚೀಲದಿಂದ ನೀಲಿ ಡಬ್ಬಿ ತೆಗೆದು, ಬೆಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಅವಳ ಕತ್ತಿಗೆ ಸವರಿದರು. ಕತ್ತು ಕಪ್ಪಗೆ, ನಯವಾಗಿ ಹೊಳೆಯಿತು. ಕಿತ್ತಳೆ ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನಮ್ಮನ್ನು ನೋಡಿ ತುಟಿ ಕೊಂಕಿಸಿದಳು. “ಏನಮ್ಮಾ, ಮೂರು ಜನ ದೊಡ್ಡವರಿದ್ದೀರಿ, ಕೂಸಿನ ಕತ್ತಿಗೆ ಚೂರು ಪೌಡರು ಗತಿ ಇಲ್ವಾ?” ಎಂದು ಬಗ್ಗಿ, ಡುಫಿಯ ಕತ್ತಿನ ಕಡೆ ಬೆರಳು ಚಾಚಿದಳು.

ನಾನಾ ಛತ್ರಿಯಿಂದ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.

“ದೂರ ನಿಲ್ಲಮ್ಮಾ,” ಎಂದರು. “ಬಣ್ಣ ಇನ್ನೂ ಒದ್ದೆ ಇದೆ.”